ಹಲಗೆಯ ಮೇಲಿನ ಸರೋವರ

ಇನ್ನೊಂದು ಹನಿ. ಬಣ್ಣ ತಿರುಗಲಿಲ್ಲ.

ಇನ್ನೊಂದು. ಫ್ಲಾಸ್ಕಿನೊಳಗಿನ ನೀರು ಕೆಂಪಾಗಿಯೇ ಉಳಿಯಿತು. ಮುಂದಿನ ಹನಿಗೋ ಅದರಾಚೆಯ ಹನಿಗೋ ಅದು ಥಟ್ಟನೆ ನೀಲಿಯಾಗಬೇಕು. ಆದ ಕ್ಷಣವೇ ಬ್ಯೂರೆಟ್ಟಿನ ತಿರುಪು ಮುಚ್ಚಿ, ಎಷ್ಟು ಇಳಿಯಿತೆಂದು ಓದಿಕೊಂಡರೆ ನೀರಿನ ಗಡಸುತನ ಸಿಕ್ಕಿತು. ಇಪ್ಪತ್ತೆರಡು ವರ್ಷದ ಕೆಲಸ. ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತಿತ್ತು.

"ಸಂಜೆ ಬರೋವಾಗ ಒಂದು ಊರಿನ ಹೆಸರು ತಗೊಂಡು ಬನ್ನಿ," ಎಂದಿದ್ದಳು ಹೆಂಡತಿ, ಬೆಳಿಗ್ಗೆ. ಬರುವಾಗ ಸೋಪು ತನ್ನಿ ಎನ್ನುವ ಧಾಟಿಯಲ್ಲಿ.

"ಯಾವ ಊರು?"

"ಅದನ್ನೇ ಕೇಳ್ತಿರೋದು. ರಜಕ್ಕೆ ನಿಮಗೆ ಎಲ್ಲಿಗೆ ಹೋಗ್ಬೇಕು ಅನ್ಸುತ್ತೋ ಆ ಊರು."

"ನಿಂಗೆ ಎಲ್ಲಿ ಇಷ್ಟವೋ ಅಲ್ಲಿಗೇ ಹೋಗೋಣ."

"ಹತ್ತೊಂಬತ್ತು ಬೇಸಿಗೆ ನಂಗಿಷ್ಟವಾದ ಕಡೆಗೇ ಹೋಗಿದ್ದಾಯ್ತು. ಈ ಸಲ ಮಗಳೂ ಗೆಳತಿಯರ ಜೊತೆ ಹೊರಟಿದಾಳೆ. ನಾವಿಬ್ರೇ. ನೀವು ಹೇಳಿ. ಹೇಳಕ್ಕಾಗ್ಲಿಲ್ಲ ಅಂದ್ರೆ ನಾನು ಅಕ್ಕನ ಜೊತೆ ಹೋಗ್ತೀನಿ. ಸಂಜೆ ಅವಳಿಗೆ ಉತ್ತರ ಕೊಡ್ಬೇಕು." ಆಮೇಲೆ ಸೇರಿಸಿದಳು: "ಅಕ್ಕನ ಮನೆ ದೊಡ್ಡದು. ಅವಳೊಬ್ಳೇ ಇರೋದು. ರಜ ಮುಗಿದ ಮೇಲೂ ಇರು ಅಂತಿದಾಳೆ."

ಅವನು ಬಗ್ಗಿ ಶೂ ಲೇಸು ಕಟ್ಟುತ್ತಿದ್ದ. ಹೂಂ ಎಂದ. ಆ ಕೊನೆಯ ಮಾತು ಅವನಿಗೆ ಕೇಳಿಸಿದ್ದು ಬಸ್ಸು ಎರಡು ನಿಲ್ದಾಣ ದಾಟಿದ ಮೇಲೆ.

ಈಗ ಫ್ಲಾಸ್ಕು ನೋಡಿದರೆ ನೀರು ಕಡುನೀಲಿಯಾಗಿ ಕುಳಿತಿತ್ತು. ಯಾವಾಗ ತಿರುಗಿತೋ ಗೊತ್ತಿಲ್ಲ. ಗಡಿ ದಾಟಿ ಎಷ್ಟು ಹನಿಗಳಾದವೋ ಗೊತ್ತಿಲ್ಲ. ಸಿಂಕಿಗೆ ಸುರಿದು ಅದೇ ಮಾದರಿಯನ್ನು ಮತ್ತೆ ಮೊದಲಿನಿಂದ ಶುರುಮಾಡಿದ.

ನಗರದ ಕುಡಿಯುವ ನೀರನ್ನು ಪರೀಕ್ಷಿಸುವ ಆ ಪ್ರಯೋಗಾಲಯ ಮೂರನೆಯ ಮಹಡಿಯಲ್ಲಿತ್ತು. ದಿನಕ್ಕೆ ನಲವತ್ತು ಬಾಟಲಿ. ಶಾಲೆಯ ನಲ್ಲಿ, ಆಸ್ಪತ್ರೆಯ ನಲ್ಲಿ, ಬಡಾವಣೆಯ ಕೊನೆಯ ಮನೆಯ ನಲ್ಲಿ. ನೀರು ಸರಿಯಿದ್ದ ದಿನ ಇಂಥದೊಂದು ಪ್ರಯೋಗಾಲಯ ಇದೆಯೆಂದೇ ಊರಿನವರಿಗೆ ನೆನಪಿರುತ್ತಿರಲಿಲ್ಲ. ನೀರು ಹೆಚ್ಚುಕಡಿಮೆ ಯಾವಾಗಲೂ ಸರಿಯಿರುತ್ತಿತ್ತು.

ಅವನನ್ನು ಅಲ್ಲಿ ಬೆನ್ನ ಹಿಂದೆ ಭಟ್ಟಿನೀರು ಎನ್ನುತ್ತಿದ್ದರು. ಭಟ್ಟಿ ಇಳಿಸಿದ ನೀರು: ಕಲ್ಮಶವಿಲ್ಲ, ಉಪ್ಪಿಲ್ಲ, ರುಚಿಯೂ ಇಲ್ಲ. ಅವನಿಗೂ ಅದು ಗೊತ್ತಿತ್ತು. ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು.

ಗೋಡೆಯ ಮೇಲೆ ಬೇಸಿಗೆ ರಜೆಯ ಚಾರ್ಟು. ಅಡ್ಡಕ್ಕೆ ವಾರಗಳು, ಉದ್ದಕ್ಕೆ ಹೆಸರುಗಳು, ನಡುವೆ ಬಣ್ಣದ ಗುಂಡುಪಿನ್ನುಗಳು. ಕೊನೆಯ ಅಂಕಣ 'ಹೋಗುವ ಸ್ಥಳ'. ಎಲ್ಲಿಯಾದರೂ ಕೊಳವೆ ಒಡೆದು ಕೊಳಕು ಸೇರಿದರೆ ರಜೆಯಲ್ಲಿದ್ದವರನ್ನು ಕರೆಸಬೇಕಾದೀತು ಎಂದು ಮೇಲ್ವಿಚಾರಕರು ಮಾಡಿಸಿದ ಅಂಕಣ. ಯಾರನ್ನೂ ಯಾವತ್ತೂ ಕರೆಸಿರಲಿಲ್ಲ. ಚಾರ್ಟು ಇವತ್ತು ನಾಲ್ಕು ಗಂಟೆಗೆ ಮುಚ್ಚುತ್ತಿತ್ತು. ಅವನ ಸಾಲಿನಲ್ಲಿ ಹಸಿರು ಪಿನ್ನು ಚುಚ್ಚಿಯಾಗಿತ್ತು. ಕೊನೆಯ ಅಂಕಣ ಖಾಲಿ.

"ಎಲ್ಲಾರೂ ಒಂದೇ ವಾರ ಕೇಳಿದ್ರೆ ಹೇಗ್ರಪ್ಪಾ?" ಮೇಲ್ವಿಚಾರಕರು ಚಾರ್ಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವರನ್ನು ದೊಡ್ಡವರು ಎಂದು ಕರೆಯುವುದು ರೂಢಿ. "ಎಲ್ಲಾರೂ ಪಲ್ಲಕ್ಕೀಲಿ ಕೂತ್ರೆ ಹೊರೋರ್ಯಾರು?"

"ನೀವಿದೀರಲ್ಲ ಸಾರ್, ಹೆಗಲು ಗಟ್ಟಿ," ಎಂದ ಉಗ್ರಾಣದವನು, ಪೆಟ್ಟಿಗೆಯಿಂದ ಗಾಜಿನ ಪಾತ್ರೆಗಳನ್ನು ಎತ್ತಿಡುತ್ತ.

ತನ್ನ ಖಾಲಿ ಅಂಕಣಕ್ಕೆ ಯಾವ ಊರು ಬರೆಯಲಿ ಎಂದು ಅವನು ಬೆಳಗಿನಿಂದ ಒಬ್ಬೊಬ್ಬರನ್ನೇ ಕೇಳುತ್ತಿದ್ದ. ಹಾಗೆ ಕೇಳುವವನಲ್ಲದ್ದರಿಂದ ಎಲ್ಲರೂ ಹುರುಪಿನಿಂದ ಹೇಳಿದರು.

"ಜಲಪಾತಕ್ಕೆ ಹೋಗಿ ಗುರುಗಳೇ," ಎಂದ ಉಗ್ರಾಣದವನು. "ಒಂದು ಸಲ ಹೋದ್ರೆ ವಾಪಸ್ ಬರೋ ಮನಸ್ಸೇ ಆಗಲ್ಲ."

"ನೀನು ಬಂದ್ಯಲ್ಲ."

"ರಜ ಮುಗೀತಲ್ಲ."

ದೊಡ್ಡವರದು ಸಮುದ್ರ. ಮೂರು ಸಲ ಹೋಗಿ ಬಂದಿದ್ದರು. "ಬೆಳಿಗ್ಗೆ ಎದ್ದು ದಡದಲ್ಲಿ ನಿಂತ್ಕೊಂಡ್ರೆ ಸಾಕು. ಮನುಷ್ಯ ಎಷ್ಟು ಸಣ್ಣವನು ಅಂತ ಗೊತ್ತಾಗುತ್ತೆ."

ಅದು ಇಲ್ಲಿ ನಿಂತರೂ ಗೊತ್ತಾಗುತ್ತದೆ ಎಂದುಕೊಂಡ.

ಪರೀಕ್ಷೆಯ ಹಾಳೆಯ ಹಿಂದೆ ಎಲ್ಲವನ್ನೂ ಬರೆದುಕೊಂಡ. ಜಲಪಾತ: ಬೆಳಿಗ್ಗೆ ಮಂಜು, ಸಂಜೆ ಗಾಳಿ, ರೂಮು ಚೆನ್ನಾಗಿದೆ. ಸಮುದ್ರ: ಬೆಳಿಗ್ಗೆ ಗಾಳಿ, ಸಂಜೆ ಮಂಜು, ರೂಮು ಚೆನ್ನಾಗಿದೆ. ಬೆಟ್ಟ, ಕಾಡು, ಹಳೆಯ ಕೋಟೆ. ಎಲ್ಲ ಕಡೆಗೂ ಒಂದು ಕ್ಯಾಮೆರಾ ತೆಗೆದುಕೊಂಡು ಹೋಗಬೇಕು; ಎಲ್ಲ ಕಡೆಯೂ ಜನ ಒಳ್ಳೆಯವರು. ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದ. ಎಲ್ಲಾದರೂ ಎದೆ ಒಂದು ಗುಲಗಂಜಿಯಷ್ಟಾದರೂ ಅಲುಗುತ್ತದೆಯೇ ಎಂದು ಕಾದ. ಬಣ್ಣ ತಿರುಗಲಿಲ್ಲ.

ಕಿಟಕಿಯ ಉದ್ದಕ್ಕೂ ಒಂದು ಹಲಗೆ. ಅದರ ಮೇಲೆ ಇಪ್ಪತ್ತಾರು ಬಾಟಲಿಗಳು. ರಜೆಗೆ ಹೊಳೆಯೋ ಸಮುದ್ರವೋ ಇರುವ ಕಡೆಗೆ ಹೋದವರು ಅಲ್ಲಿಯ ನೀರನ್ನು ಒಂದು ಮಾದರಿ ಬಾಟಲಿಯಲ್ಲಿ ತುಂಬಿಸಿ ತರಬೇಕು. ಅವನು ಕೆಲಸಕ್ಕೆ ಸೇರುವ ಮೊದಲೇ ಯಾರೋ ತಮಾಷೆಗೆ ಶುರುಮಾಡಿದ್ದು. ಈಗ ನಿಯಮದಷ್ಟೇ ಗಟ್ಟಿಯಾಗಿತ್ತು. ಚಾರ್ಟಿನಲ್ಲಿ ಅಂಥ ಸ್ಥಳ ಬರೆದ ಕೂಡಲೇ ದೊಡ್ಡವರು ಒಂದು ಖಾಲಿ ಬಾಟಲಿ ಕೊಡುತ್ತಿದ್ದರು. ಪ್ರತಿಯೊಂದಕ್ಕೂ ಚೀಟಿ: ಸ್ಥಳ, ದಿನಾಂಕ, ಸಂಗ್ರಹಿಸಿದವರು. ಮಧ್ಯಾಹ್ನದ ಬಿಸಿಲು ಬಿದ್ದಾಗ ಸಮುದ್ರ, ಜಲಪಾತ, ಹೊಳೆ ಎಲ್ಲವೂ ಒಂದೇ ಸಮನೆ ಹೊಳೆಯುತ್ತಿದ್ದವು.

ಆ ಬಾಟಲಿಗಳನ್ನು ಮಾತ್ರ ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ಮಾಡಬಾರದೆಂದು ಯಾರೂ ಹೇಳಿಯೂ ಇರಲಿಲ್ಲ. ಕೆಲವು ಮಾತು ಹೇಳದಿದ್ದರೇ ನಡೆಯುತ್ತವೆ.

ಹೊಸಬಳಿಗೆ ಅದು ಗೊತ್ತಿರಲಿಲ್ಲ. ಬೇರೆ ಊರಿನ ಪ್ರಯೋಗಾಲಯದಿಂದ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತು. ಮಾತು ಚುರುಕು, ಕೈ ಅದಕ್ಕಿಂತ ಚುರುಕು. ಹನ್ನೊಂದು ಗಂಟೆಯ ಚಹಾ ಹೊತ್ತಿಗೆ ಅವಳು ಒಂದು ಹಾಳೆ ಹಿಡಿದು ಬಂದಳು.

"ಎಲ್ಲಾರೂ ಕೇಳಿ. ನಾನು ರಜಕ್ಕೆ ಎಲ್ಲಿಗೆ ಹೋಗೋದು ಅಂತ ತೀರ್ಮಾನ ಆಯ್ತು. ನಿಮ್ಮ ಬಾಯಿಮಾತು ಬೇಡ, ನೀರೇ ಹೇಳ್ಲಿ ಅಂತ ಹಲಗೆ ಮೇಲಿನ ಅಷ್ಟೂ ಬಾಟ್ಲಿ ಗಡಸುತನ ನೋಡ್ದೆ."

ದೊಡ್ಡವರ ಲೋಟ ತುಟಿಯ ಹತ್ತಿರ ನಿಂತಿತು. "ಅದ್ಯಾಕಮ್ಮಾ?"

"ಕೂದಲು ಸಾರ್. ಹೋದ ಸಲ ಒಂದೂರಿಗೆ ಹೋಗಿ ನಾಲ್ಕು ದಿನ ತಲೆಗೆ ನೀರು ಹಾಕ್ಕೊಂಡಿದ್ದಕ್ಕೆ ಪೊರಕೆ ಆಗಿಹೋಯ್ತು. ಈ ಸಲ ಮೃದು ನೀರಿರೋ ಊರಿಗೇ ಹೋಗೋದು. ಮೊದಲನೇ ಸ್ಥಾನ ಜಲಪಾತ. ಒಂಬತ್ತು."

ಉಗ್ರಾಣದವನು ಕಾಲರು ಎತ್ತಿಕೊಂಡ. "ನಾನು ಹೇಳ್ಲಿಲ್ವಾ?"

"ಸರೋವರ ಅದಕ್ಕಿಂತ ಮೃದು ಇರ್ಬೇಕಿತ್ತು. ಬರೀ ಬಂಡೆ, ಕರಗಿದ ಹಿಮ. ಆದ್ರೆ ಬಂದಿದ್ದು ಎಷ್ಟು ಹೇಳಿ? ನೂರಾ ಹದಿನೆಂಟು." ಅವಳು ತಲೆಯೆತ್ತಿ ಅವನ ಕಡೆ ನೋಡಿದಳು. "ಚೀಟಿ ಮೇಲೆ ನಿಮ್ಮ ಹೆಸರಿದೆ ಸಾರ್. ಒಂಬತ್ತು ವರ್ಷದ ಹಿಂದಿನದು. ನನ್ನ ಕೈ ತಪ್ಪಿರ್ಬೇಕು ಅಂತ ಮೂರು ಸಲ ಮಾಡ್ದೆ. ಆಮೇಲೆ ಆ ತಿಂಗಳಿನ ಹಳೇ ರಿಜಿಸ್ಟರ್ ತೆಗೆದೆ. ನಮ್ಮ ಸಿಂಕಿನ ನಲ್ಲಿ ನೀರು ಆ ವಾರ ಎಷ್ಟಿತ್ತು ಗೊತ್ತಾ? ನಿಮ್ಮ ಕೈಬರಹದಲ್ಲೇ ಇದೆ."

"ನೂರಾ ಹದಿನೆಂಟು," ಎಂದ ಅವನು.

ಉಗ್ರಾಣದವನು ಮೇಜು ಬಡಿದು ನಕ್ಕ.

"ಅಂದ್ರೆ ಗುರುಗಳೇ, ನೀವು ಹೋಗಿದ್ದ ಸರೋವರ ಇದೇ ಸಿಂಕಲ್ಲಿತ್ತಾ? ಖರ್ಚಿಲ್ಲ, ವೆಚ್ಚ ಇಲ್ಲ, ಬಸ್ಸಲ್ಲಿ ವಾಂತಿ ಇಲ್ಲ!"

ಎಲ್ಲರೂ ನಕ್ಕರು. ಅವನೂ ನಕ್ಕ. ನಗಬೇಕಾದಲ್ಲಿ ನಗುವುದನ್ನು ಅವನು ಎಂದೂ ತಪ್ಪಿಸಿದವನಲ್ಲ.

"ಹೋಗಿದ್ದೆ," ಎಂದ. "ನೀರು ತರೋದು ಮರೆತುಹೋಗಿತ್ತು. ಅದಕ್ಕೆ ಇಲ್ಲೇ ತುಂಬಿಸಿದೆ."

"ಇಲ್ಲ ಅಂದೋರ್ಯಾರು ಸಾರ್? ಹೇಗಿತ್ತು ಹೇಳಿ, ನಾನು ಅಲ್ಲಿಗೇ ಹೋಗ್ತೀನಿ," ಎಂದಳು ಹೊಸಬಳು.

"ಚೆನ್ನಾಗಿತ್ತು."

"ಏನು ಚೆನ್ನಾಗಿತ್ತು?"

ಅವನು ಬಾಯಿ ತೆರೆದ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. "ನೀರು," ಎಂದ.

ಈ ಸಲದ ನಗು ಎಷ್ಟು ಜೋರಾಗಿತ್ತೆಂದರೆ ಪಕ್ಕದ ಕೋಣೆಯವರು ಬಂದು ಇಣುಕಿದರು. "ಬಿಡ್ರಪ್ಪಾ, ಬಿಡಿ," ಎಂದರು ದೊಡ್ಡವರು. ಅವರೊಬ್ಬರು ನಗುತ್ತಿರಲಿಲ್ಲ. "ನೀರು ಅಂದ್ಮೇಲೆ ಎಲ್ಲಾ ನೀರೂ ಒಂದೇ. ಹೋಗಿ, ಕೆಲಸ ನೋಡಿ." ಅರ್ಧ ಲೋಟ ಚಹಾ ಅಲ್ಲೇ ಬಿಟ್ಟು ಎದ್ದರು.

ಅವನು ತನ್ನ ಸ್ಟೂಲಿನ ಮೇಲೆ ಕೂತು ಸರೋವರವನ್ನು ನೆನಪಿಸಿಕೊಳ್ಳಲು ನೋಡಿದ.

ಹೋದದ್ದು ನಿಜ. ಐದು ದಿನ. ಹೋಟೆಲಿನ ಕೋಣೆಯ ಸಂಖ್ಯೆ ನೆನಪಿತ್ತು: ಮುನ್ನೂರ ನಾಲ್ಕು. ಬಸ್ಸು ಹೊರಟದ್ದು ಆರು ಇಪ್ಪತ್ತಕ್ಕೆ. ಊರು ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದೂ ನೆನಪಿತ್ತು. ಆದರೆ ಸರೋವರ? ಅದು ನೀಲಿಯೇ, ಹಸಿರೇ? ದಡದಲ್ಲಿ ಮರಳಿತ್ತೇ, ಕಲ್ಲಿತ್ತೇ? ಕಣ್ಣು ಮುಚ್ಚಿದರೆ ಬರುತ್ತಿದ್ದುದು ಹೋಟೆಲಿನ ಗೋಡೆಗೆ ತೂಗುಹಾಕಿದ್ದ ಸರೋವರದ ಚಿತ್ರ. ಅದರ ಚೌಕಟ್ಟಿನ ಒಂದು ಮೂಲೆ ಒಡೆದಿತ್ತು.

ಚಿಕ್ಕಂದಿನಲ್ಲಿ ತಂದೆ ದಿನಾ ಸಂಜೆ ಪದ್ಯ ಓದುತ್ತಿದ್ದರು, ರಾಗವಾಗಿ. ಅವನು ಅವರ ಮಂಡಿಗೆ ಒರಗಿ ಕೇಳುತ್ತಿದ್ದ. ಅರ್ಥ ಆಗುತ್ತಿರಲಿಲ್ಲ, ಆಗಲಿ ಎಂಬ ಆಸೆಯೂ ಇರಲಿಲ್ಲ. ಸ್ವರ ಏರಿದ ಕಡೆ ತಾನೂ ಏರಿ, ಇಳಿದ ಕಡೆ ತಾನೂ ಇಳಿದು, ಕೊನೆಗೆ ದೇವರ ಹೆಸರು ಬರುವ ಕಡೆ ಎಲ್ಲರ ಜೊತೆ ಕೈಮುಗಿಯುತ್ತಿದ್ದ. ಈಗ ಒಂದು ಸಾಲೂ ನೆನಪಿಲ್ಲ. ಬೆರಳು ಮಾತ್ರ ಕೆಲವೊಮ್ಮೆ ಮೇಜಿನ ಮೇಲೆ ಆ ತಾಳವನ್ನು ತಟ್ಟುತ್ತದೆ. ಮಾತು ಹೋದ ಮೇಲೂ ತಾಳ ಉಳಿಯುತ್ತದೆಂಬುದು ಅವನಿಗೆ ಗೊತ್ತಿತ್ತು. ಸರೋವರದ್ದು ತಾಳವೂ ಉಳಿದಿರಲಿಲ್ಲ.

ಊಟದ ಹೊತ್ತಿಗೆ ಮೆಟ್ಟಿಲ ತಿರುವಿನಲ್ಲಿ ನಿಂತು ಹಾಸ್ಟೆಲಿನಲ್ಲಿದ್ದ ಮಗಳಿಗೆ ಫೋನು ಮಾಡಿದ.

"ಏನಪ್ಪಾ? ಅಮ್ಮ ಚೆನ್ನಾಗಿದಾಳಾ?"

"ಚೆನ್ನಾಗಿದಾಳೆ. ನಾವು ಒಂದ್ಸಲ ಸರೋವರಕ್ಕೆ ಹೋಗಿದ್ವಲ್ಲ. ನಿಂಗೆ ನೆನಪಿದೆಯಾ?"

"ಯಾವ ಸರೋವರ? ಓ, ಅದಾ! ನನ್ನ ಚಪ್ಪಲಿ ನೀರಿಗೆ ಬಿತ್ತಲ್ಲ, ಕೆಂಪು ಚಪ್ಪಲಿ. ದೋಣಿಯವನು ಹುಟ್ಟಲ್ಲಿ ಎತ್ತಿಕೊಟ್ಟ. ನಂಗಾಗ ಎಂಟೋ ಒಂಬತ್ತೋ."

"ಆಮೇಲೆ?"

"ಆಮೇಲೇನು, ಅಮ್ಮ ಅಳ್ತಿದ್ಲು."

"ಚಪ್ಪಲಿಗಾ?"

"ಹೇ, ಚಪ್ಪಲಿಗೆ ಯಾರಾದ್ರೂ ಅಳ್ತಾರಾ? ಅದು ಬೇರೆ ದಿನ. ಕಲ್ಲಿನ ಮೇಲೆ ಕೂತ್ಕೊಂಡು ಅಳ್ತಿದ್ಲು. ನಾನು ಹೋಗಿ ಕೂತೆ. ನಿಂಗೊತ್ತಿಲ್ವಾ?"

"ನಾನೆಲ್ಲಿದ್ದೆ?"

"ನೀನೂ ಇದ್ಯಲ್ಲಪ್ಪಾ," ಎಂದಳು ಮಗಳು. "ಪಕ್ಕದಲ್ಲೇ." ಅವಳ ಹಿಂದೆ ಯಾರೋ ಹುಡುಗಿಯರು ಕಿರುಚಿ ನಗುತ್ತಿದ್ದರು. "ಬ್ಯಾಗ್ ತುಂಬ್ತಾ ಇದೀವಿ. ಆಮೇಲೆ ಮಾಡ್ಲಾ?"

ಆಮೇಲೆ ಮಾಡು ಎಂದ. ಮೆಟ್ಟಿಲ ಮೇಲೆ ನಿಂತೇ ಡಬ್ಬಿ ತೆರೆದು ಊಟ ಮುಗಿಸಿದ.

ಮೂರು ಗಂಟೆಗೆ ಅವನು ಸಿಂಕಿನಲ್ಲಿ ಬ್ಯೂರೆಟ್ಟು ತೊಳೆಯುತ್ತಿದ್ದಾಗ ಹೊಸಬಳು ಪಕ್ಕಕ್ಕೆ ಬಂದು ನಿಂತಳು. ನಲ್ಲಿ ಜೋರಾಗಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಹೇಳಿದಳು.

"ನಿಮ್ಮದೊಂದೇ ಅಲ್ಲ ಸಾರ್."

"ಏನು?"

"ನಲ್ಲಿ ನೀರು. ಇಪ್ಪತ್ತಾರರಲ್ಲಿ ಹನ್ನೊಂದು."

ಅವನು ಬ್ಯೂರೆಟ್ಟನ್ನು ತಲೆಕೆಳಗಾಗಿ ಸ್ಟ್ಯಾಂಡಿಗೆ ಸಿಕ್ಕಿಸಿದ.

"ದೊಡ್ಡವರ ಸಮುದ್ರ ಮೂರು ಬಾಟ್ಲಿ ಇದೆಯಲ್ಲ, ಎರಡು ಸಿಹಿನೀರು. ಇನ್ನೊಂದರಲ್ಲಿ ಉಪ್ಪಿದೆ, ಆದ್ರೆ ಬರೀ ಉಪ್ಪು. ಸಮುದ್ರದ ಗಡಸುತನ ಸಾವಿರಗಟ್ಟಲೆ ಇರ್ಬೇಕಲ್ವಾ? ಅದೂ ನೂರಾ ಚಿಲ್ಲರೆ. ನಲ್ಲಿ ನೀರಿಗೆ ಅಡುಗೆ ಉಪ್ಪು ಹಾಕಿ ಕದಡಿದಾರೆ." ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ನಗುತ್ತಿದ್ದಳೋ ಗಾಬರಿಯಾಗಿದ್ದಳೋ ಹೇಳುವಂತಿರಲಿಲ್ಲ. "ಮೂರು ಬೇಸಿಗೆ ಅವ್ರು ಎಲ್ಲಿದ್ರು ಸಾರ್?"

ದೊಡ್ಡವರು ತಮ್ಮ ಅಡುಗೆಮನೆಯಲ್ಲಿ, ಬನಿಯನ್ನಿನಲ್ಲಿ, ಬಾಟಲಿಗೆ ಒಂದು ಚಮಚ ಉಪ್ಪು ಹಾಕಿ, ಅಲ್ಲಾಡಿಸಿ, ನಾಲಿಗೆಗೆ ಒಂದು ತೊಟ್ಟು ಬಿಟ್ಟುಕೊಂಡು, ಇನ್ನರ್ಧ ಚಮಚ ಹಾಕುವುದು ಅವನ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಸರೋವರಕ್ಕಿಂತ ನಿಚ್ಚಳವಾಗಿ.

"ಮತ್ತೆ ಚಹಾ ಹೊತ್ತಲ್ಲಿ ನಂದೊಂದೇ ಯಾಕೆ ಓದಿದ್ರಿ?"

ಅವಳು ನಲ್ಲಿಯನ್ನು ಸ್ವಲ್ಪ ಸಣ್ಣ ಮಾಡಿದಳು. "ಯಾರದಾದ್ರೂ ಒಂದು ಓದ್ಲೇಬೇಕು, ತಮಾಷೆ ಇರುತ್ತೆ ಅನ್ನಿಸ್ತು. ಯಾರಿಗೆ ಬೇಜಾರಾಗಲ್ಲ ಅಂತ ಉಗ್ರಾಣದವರನ್ನ ಕೇಳ್ದೆ. ನಿಮ್ಮ ಹೆಸರು ಹೇಳಿದ್ರು." ನಲ್ಲಿ ಪೂರ್ತಿ ನಿಲ್ಲಿಸಿದಳು. "ಬೇಜಾರಾಯ್ತಾ ಸಾರ್?"

ಅವನು ಪ್ರಾಮಾಣಿಕವಾಗಿ ನೋಡಿಕೊಂಡ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡವನು ಕೆನ್ನೆಯನ್ನು ಬೆರಳಿನಿಂದ ಒತ್ತಿ ನೋಡಿಕೊಳ್ಳುತ್ತಾನಲ್ಲ, ಹಾಗೆ. ಬೆರಳಿಗೆ ಕೆನ್ನೆ ಗೊತ್ತಾಗುತ್ತಿತ್ತು. ಕೆನ್ನೆಗೆ ಬೆರಳು ಗೊತ್ತಾಗುತ್ತಿರಲಿಲ್ಲ.

"ಇಲ್ಲ," ಎಂದ.

"ಆ ಪಟ್ಟಿ ಏನು ಮಾಡ್ಲಿ?"

"ಹರಿದುಹಾಕಿ."

"ನಿಮ್ಮ ಬಾಟ್ಲಿ?"

"ಇದ್ದಲ್ಲೇ ಇರ್ಲಿ."

ನಾಲ್ಕಕ್ಕೆ ಐದು ನಿಮಿಷವಿತ್ತು. ದೊಡ್ಡವರು ಚಾರ್ಟಿನ ಪಕ್ಕ ಪೆನ್ನು ಹಿಡಿದು ನಿಂತಿದ್ದರು. "ನಿಮ್ಮದೊಂದೇ ಬಾಕಿ. ಏನ್ರೀ, ಊರು ಸಿಕ್ತಾ?"

ಪಟ್ಟಿ ಜೇಬಿನಲ್ಲಿತ್ತು. ತೆಗೆಯಲಿಲ್ಲ. ಕಾಣದ ಊರುಗಳಿಗಿಂತ ಕಂಡು ಮರೆತ ಊರೇ ಮೇಲು ಎಂದು ತೋರಿತು. ಇನ್ನೊಂದು ಸಲ ಹೋದರೆ, ಈ ಸಲ ಕಣ್ಣು ಬಿಟ್ಟುಕೊಂಡು ಹೋದರೆ, ಅವಳು ಕೂತ ಕಲ್ಲು ಯಾವುದೆಂದು ಕೇಳಿ ಪಕ್ಕದಲ್ಲಿ ಕೂತರೆ. ಇದು ಆಸೆಯೇ? ಆಸೆ ಹೀಗಿರುತ್ತದೆಯೇ? ಬೇರೆ ಯಾವುದೂ ಕೈಗೆ ಸಿಗದ್ದರಿಂದ ಇದೇ ಇರಬಹುದು ಎಂದುಕೊಂಡ. ಕೊನೆಯ ಅಂಕಣದಲ್ಲಿ 'ಸರೋವರ' ಎಂದು ಬರೆದ.

"ಮತ್ತೆ ಅಲ್ಲಿಗೇನಾ ಗುರುಗಳೇ?" ಉಗ್ರಾಣದವನು ಹಿಂದಿನಿಂದ ಕೂಗಿದ. "ಸಿಂಕು ಖಾಲಿ ಇಡ್ತೀವಿ!"

ದೊಡ್ಡವರು ಕಪಾಟಿನಿಂದ ಹೊಸ ಬಾಟಲಿ ತೆಗೆದುಕೊಟ್ಟರು. ಕೊಡುವಾಗ ಅವನ ಕಣ್ಣು ತಪ್ಪಿಸಿ ಬಾಟಲಿಯನ್ನೇ ನೋಡುತ್ತಿದ್ದರು. "ಕ್ರಮ ಗೊತ್ತಲ್ಲ. ಅದೇ ನೀರಲ್ಲಿ ಮೂರು ಸಲ ತೊಳೆದು, ಆಮೇಲೆ ತುಂಬಿಸಿ."

"ಗೊತ್ತು ಸಾರ್."

"ಸಮುದ್ರಕ್ಕೆ ಹೋಗ್ಬಹುದಿತ್ತು," ಎಂದರು ದೊಡ್ಡವರು ಮೆಲ್ಲಗೆ. "ಸಮುದ್ರ ಚೆನ್ನಾಗಿರುತ್ತಂತೆ."

ಇರುತ್ತಂತೆ ಎಂದದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೇಳಿಸದವರಂತೆ ಬಾಟಲಿಯ ಮುಚ್ಚಳದ ಬಿಗಿ ನೋಡಿದರು.

ಬಸ್ಸಿನಲ್ಲಿ ಬಾಟಲಿ ಅವನ ತೊಡೆಯ ಮೇಲಿತ್ತು. ಪಕ್ಕದಲ್ಲಿ ಕೂತ ಹೆಂಗಸು ಅದರೊಳಗೇನಿದೆಯೆಂದು ಎರಡು ಸಲ ನೋಡಿದಳು. ಏನೂ ಇರಲಿಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮಲಗುವ ಕೋಣೆಯ ಬಾಗಿಲು ತೆರೆದಿತ್ತು. ಮಂಚದ ಮೇಲೆ ಬಟ್ಟೆಗಳನ್ನು ಎರಡು ಗುಡ್ಡೆ ಮಾಡಿ, ಹೆಂಡತಿ ಒಂದು ಸೀರೆಯನ್ನು ಗಲ್ಲಕ್ಕೆ ಒತ್ತಿಹಿಡಿದು ಮಡಚುತ್ತಿದ್ದಳು. ಕಪಾಟಿನ ಮೇಲಿಂದ ಎರಡೂ ಸೂಟ್‌ಕೇಸು, ಅವಳದೂ ಅವನದೂ, ಇಳಿಸಿದ್ದಳು. ಒಂದರ ಬಾಯಿ ತೆರೆದಿತ್ತು.

"ತಂದ್ರಾ?" ಎಂದಳು.

"ಹೂಂ. ಸರೋವರ."

ಸೀರೆ ಗಲ್ಲದಿಂದ ಜಾರಿತು. ಅವಳು ಅದನ್ನು ಎತ್ತಿಕೊಂಡು ಮಡಿಕೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿದಳು.

"ಯಾವ ಸರೋವರ?"

"ಅದೇ. ನಾವು ಹೋಗಿದ್ದು." ಅವನಿಗೆ ಒಮ್ಮೆಲೇ ಅನುಮಾನವಾಯಿತು. ಬೆಳಗಿನಿಂದ ಎಲ್ಲರೂ ನಕ್ಕ ನಗು ಕಿವಿಯಲ್ಲಿ ಹಾಗೇ ಇತ್ತು. "ಹೋಗಿದ್ವಲ್ಲ?"

"ನಾವು ಹೋಗಿದ್ವಿ," ಎಂದಳು. "ನೀವು ಬಂದಿದ್ರಿ."

ಅವನು ಬಾಗಿಲಿಗೆ ಒರಗಿ ನಿಂತ. ಕೈಯಲ್ಲಿ ಬಾಟಲಿ.

"ಅಲ್ಲಿ ನೀನು ಅಳ್ತಿದ್ದೆಯಂತೆ."

"ಯಾರು ಹೇಳಿದ್ರು?"

"ಮಗಳು. ಫೋನು ಮಾಡಿದ್ದೆ."

"ಅವಳಿಗಾದ್ರೂ ನೆನಪಿದೆಯಲ್ಲ."

"ಯಾಕೆ ಅತ್ತಿದ್ದು?"

ಅವಳು ಅವನ ಕಡೆ ತಿರುಗಿದಳು. ಕೋಪವಿರಲಿಲ್ಲ. ದಾರಿ ಕೇಳಿದ ಅಪರಿಚಿತನಿಗೆ ಎಷ್ಟು ದೂರ ಹೇಳಿದರೆ ಅರ್ಥವಾದೀತು ಎಂದು ಅಳೆಯುವ ಹಾಗೆ ನೋಡಿದಳು.

"ಆಗ ಕೇಳಿದ್ರೆ ಹೇಳ್ತಿದ್ದೆ," ಎಂದಳು. "ಆಗ ನೀವು ಪಕ್ಕದಲ್ಲೇ ಕೂತು ಬಸ್ಸಿನ ವೇಳಾಪಟ್ಟಿ ಓದ್ತಿದ್ರಿ. ಈಗ ನಂಗೇ ಸರಿಯಾಗಿ ನೆನಪಿಲ್ಲ."

ಹೊರಗೆ ಯಾರದೋ ಮನೆಯ ಕುಕ್ಕರು ಕೂಗಿತು. ಅವಳ ಕಣ್ಣು ಅವನ ಕೈಯಲ್ಲಿದ್ದ ಬಾಟಲಿಯ ಮೇಲೆ ಬಿತ್ತು.

"ಇನ್ನೂ ಕೊಡ್ತಾರಾ ಇದನ್ನ?"

"ಹೂಂ. ಹೋದ ಸಲ ಅಲ್ಲಿಂದ ನೀರು ತರೋದು ಮರೆತಿದ್ದೆ. ಇವತ್ತು ಸಿಕ್ಕಿಬಿದ್ದೆ." ನಗಲು ನೋಡಿದ.

"ಮರೆತಿರ್ಲಿಲ್ಲ," ಎಂದಳು ಹೆಂಡತಿ. "ನಾನು ತುಂಬಿಸಿದ್ದೆ. ಕೊನೇ ದಿನ, ನೀವು ಬಿಲ್ಲು ಕಟ್ಟೋಕೆ ಹೋದಾಗ. ಮೊಣಕಾಲವರೆಗೂ ನೀರಿಗಿಳಿದು, ಮೂರು ಸಲ ತೊಳೆದು ತುಂಬಿಸಿ, ಬಟ್ಟೆ ಸುತ್ತಿ ನಿಮ್ಮ ಬ್ಯಾಗಲ್ಲಿಟ್ಟಿದ್ದೆ. ಮನೆಗೆ ಬಂದವರೇ ಸಿಂಕಿಗೆ ಸುರಿದುಬಿಟ್ರಿ."

"ನಾನಾ?"

"ಹಳೇ ನೀರು, ವಾಸನೆ ಬಂದಿರುತ್ತೆ ಅಂದ್ರಿ. ಸುರಿದು, ಮೂರು ಸಲ ತೊಳೆದು, ಬೋರಲು ಹಾಕಿದ್ರಿ. ನಾನು ಪಕ್ಕದಲ್ಲೇ ನಿಂತಿದ್ದೆ."

"ಹೇಳ್ಬಾರ್ದಿತ್ತಾ?"

"ಹೇಳಬಹುದಿತ್ತು," ಎಂದಳು. ಮಡಚಿದ ಸೀರೆಯನ್ನು ತೆರೆದ ಸೂಟ್‌ಕೇಸಿನೊಳಗಿಟ್ಟು ಅಂಗೈಯಿಂದ ಒತ್ತಿದಳು. "ನೀವು ಅಷ್ಟು ಚೆನ್ನಾಗಿ ತೊಳೀತಿದ್ರಿ."

ಅವನಿಗೆ ಏನಾದರೂ ಹೇಳಬೇಕಿತ್ತು. ಹೇಳಬೇಕಾದದ್ದು ಎಲ್ಲೋ ಬಹಳ ಕೆಳಗೆ, ಬಾವಿಯ ತಳದಲ್ಲಿ ಬಿದ್ದ ಬಿಂದಿಗೆಯಂತೆ, ಇದೆಯೆಂದು ಗೊತ್ತಿತ್ತು. ಹಗ್ಗ ಅಷ್ಟು ಉದ್ದವಿರಲಿಲ್ಲ.

"ಸರೋವರ ಬೇಡ್ವಾ ಹಾಗಾದ್ರೆ?" ಎಂದ.

"ನಿಮಗೆ ಹೋಗ್ಬೇಕು ಅನ್ಸುತ್ತಾ?"

"ಅನ್ಸುತ್ತೆ ಅಂದ್ಕೋತೀನಿ."

ಅವಳು ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಅದರಿಂದ ತಿಳಿಯುವಂತಿರಲಿಲ್ಲ. ಉಳಿದ ಬಟ್ಟೆಗಳ ಕಡೆ ತಿರುಗಿದಳು. ಎರಡು ಗುಡ್ಡೆಯಲ್ಲಿ ಒಂದು ಅವನದೋ ಎಂದು ನೋಡಿದ. ಮೇಲಿದ್ದದ್ದು ಟವೆಲ್ಲು. ಟವೆಲ್ಲು ಯಾರದು ಬೇಕಾದರೂ ಆಗಬಹುದು.

ಅಡುಗೆಮನೆಗೆ ಹೋದ. ಚೀಟಿಯನ್ನು ಮೇಜಿನ ಮೇಲೆ ಹರಡಿ ಪೆನ್ನು ತೆಗೆದ. ಸಂಗ್ರಹಿಸಿದವರು: ಹೆಸರು ಬರೆದ. ಸ್ಥಳ: ಸರೋವರ. ದಿನಾಂಕ ಬಿಟ್ಟ. ಚೀಟಿಯನ್ನು ಬಾಟಲಿಗೆ ಅಂಟಿಸಿ, ಗುಳ್ಳೆ ಉಳಿಯದ ಹಾಗೆ ಉಗುರಿನಿಂದ ತೀಡಿದ. ಆಮೇಲೆ ಯಾಕೆಂದು ತನ್ನನ್ನು ಕೇಳಿಕೊಳ್ಳದೆ ನಲ್ಲಿ ತಿರುಗಿಸಿ, ಒಂದು ಸಲ, ಎರಡು ಸಲ, ಮೂರು ಸಲ ತೊಳೆದ. ತುಂಬಿಸಿದ. ಕಿಟಕಿಗೆ ಹಿಡಿದು ನೋಡಿದ. ತಿಳಿಯಾಗಿತ್ತು. ಬಣ್ಣವಿಲ್ಲ, ಕಣವಿಲ್ಲ. ಎದುರು ಮನೆಯ ಗೋಡೆ ಅದರೊಳಗೆ ಬಾಗಿ ಕಾಣುತ್ತಿತ್ತು.

ಮೇಜಿನ ಮೇಲಿಟ್ಟ.

ಹೆಂಡತಿ ಹಣೆಯ ಬೆವರು ಒರೆಸಿಕೊಳ್ಳುತ್ತ ಬಂದಳು. ಲೋಟ ಹುಡುಕಿದಳು. ಲೋಟಗಳೆಲ್ಲ ಸಿಂಕಿನಲ್ಲಿದ್ದವು. ಮೇಜಿನ ಮೇಲಿದ್ದ ಬಾಟಲಿಯನ್ನೆತ್ತಿ, ಚೀಟಿಯ ಕಡೆ ಒಂದು ಸಲ ನೋಡಿ, ತಲೆ ಹಿಂದಕ್ಕೆ ಬಾಗಿಸಿ ಗಟಗಟ ಕುಡಿದಳು. ಅರ್ಧವಾಯಿತು. ಅವಳ ಗಂಟಲು ಏರಿ ಇಳಿಯುವುದನ್ನು ಅವನು ನೋಡುತ್ತಿದ್ದ. ಎಷ್ಟೋ ವರ್ಷದಿಂದ ಅಷ್ಟು ಹತ್ತಿರದಿಂದ ಏನನ್ನೂ ನೋಡಿರಲಿಲ್ಲ.

"ನಮ್ಮ ನಲ್ಲಿ ನೀರೇ," ಎಂದು ಬಾಯಿ ಒರೆಸಿಕೊಂಡು ಕೋಣೆಗೆ ಹೋದಳು.

ಅವನು ಬಾಟಲಿಯನ್ನು ಮತ್ತೆ ನಲ್ಲಿಯ ಕೆಳಗೆ ಹಿಡಿದ.

ಕೋಣೆಯಿಂದ ಸೂಟ್‌ಕೇಸಿನ ಜಿಪ್ಪು ಎಳೆದ ಸದ್ದು ಬಂತು. ಉದ್ದಕ್ಕೆ, ಮೂಲೆಯಲ್ಲಿ ತಿರುಗಿ, ಮತ್ತೆ ಉದ್ದಕ್ಕೆ. ನಿಂತಿತು. ಒಂದು.

ಎರಡನೆಯದಕ್ಕೆ ಕಿವಿಗೊಟ್ಟು ನಿಂತ. ನೀರು ಬಾಟಲಿಯ ಗೆರೆ ಮುಟ್ಟಿತು, ಗೆರೆ ದಾಟಿತು, ಕತ್ತಿಗೆ ಬಂತು, ಬಾಯಿ ಮೀರಿ ಸರೋವರ ಎಂಬ ಅಕ್ಷರಗಳ ಮೇಲೆ ಹರಿದು ಅವನ ಬೆರಳುಗಳನ್ನು ತೋಯಿಸಿತು. ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯಲಿಲ್ಲ. ಚೀಟಿಯ ಶಾಯಿ ಬಿಟ್ಟುಕೊಂಡು ಸಿಂಕಿನ ಬಿಳಿಯ ಮೇಲೆ ಸಣ್ಣಗೆ ನೀಲಿಯಾಗತೊಡಗಿತು. ಅವನು ನಲ್ಲಿ ನಿಲ್ಲಿಸದೆ ಕೇಳುತ್ತಲೇ ಇದ್ದ.